ಡ್ರೈವರ್ ದೂರ ಹೆಚ್ಚಲು ಭಾರದ ಸಲಾಕೆ ಬೇಡ

ಮಾನ್ಯ ಸಂಪಾದಕರೇ,

ಹವ್ಯಾಸಿ ಗಾಲ್ಫ್ ಆಟಗಾರರು ಡ್ರೈವರ್‌ನಿಂದ (ಚೆಂಡನ್ನು ಅತಿ ದೂರ ಹೊಡೆಯುವ ಕ್ಲಬ್, ಅಂದರೆ ಗಾಲ್ಫ್ ಕೋಲು) ಇನ್ನಷ್ಟು ದೂರ ಹೊಡೆಯಲಿ ಎಂದು ನಿಮ್ಮ ಕ್ರೀಡಾ ಪುಟ ನಾಲ್ಕು ಉಪಾಯ ಹೇಳಿದೆ. ದಿನಕ್ಕೆ ನೂರು ಸಲ ಭಾರದ ಸಲಾಕೆ ಬೀಸಿ, ಡ್ರೈವರ್‌ಗೆ ಇನ್ನೂ ಉದ್ದದ ಶಾಫ್ಟ್ (ಹಿಡಿಗೂ ತಲೆಗೂ ನಡುವಿನ ಕೋಲು) ಹಾಕಿಸಿ, ತಲೆ ಕದಲಿಸಬೇಡಿ, ಎಡಗೈ ಎಳ್ಳಷ್ಟೂ ಮಡಚದಂತೆ ಬಿಗಿಹಿಡಿಯಿರಿ. ಇದನ್ನು ನಂಬಿ ಮಾಡಿದವರಲ್ಲಿ ಹೆಚ್ಚಿನವರಿಗೆ ದೂರ ಕಡಿಮೆಯಾಗುತ್ತದೆ. ಮೊದಲನೆಯ ಸಲಹೆಯಿಂದ ಬೆನ್ನೂ ಕೆಡುತ್ತದೆ. ಈಗಿರುವ ವೇಗ ಎಲ್ಲಿ ಸೋರುತ್ತಿದೆ ಎಂದು ಹುಡುಕಿ ತಡೆಯುವುದು ಮೊದಲ ಕೆಲಸ, ಹೊಸ ವೇಗ ಕೂಡಿಸುವುದು ಎರಡನೆಯದು. ಲೇಖನ ಮೊದಲನೆಯದನ್ನು ಮುಟ್ಟಿಯೇ ಇಲ್ಲ. ಎರಡನೆಯದನ್ನು ತಲೆಕೆಳಗು ಮಾಡಿದೆ. (ಕೆಳಗೆ ಎಡ, ಬಲ ಎಂದಿರುವುದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಅದಲುಬದಲು ಮಾಡಿಕೊಳ್ಳಲಿ.)

ಸೋರಿಕೆ ಎಷ್ಟು ದೊಡ್ಡದು ಎಂಬುದಕ್ಕೆ ಹೊಡೆತ ಅಳೆಯುವ ಟ್ರ್ಯಾಕ್‌ಮ್ಯಾನ್ ರಡಾರ್‌ನವರು ಕೆಲ ವರ್ಷಗಳ ಹಿಂದೆ ಪ್ರಕಟಿಸಿದ ಸರಾಸರಿಗಳನ್ನು ನೋಡಿದರೆ ಸಾಕು. 14–15 ಹ್ಯಾಂಡಿಕ್ಯಾಪ್‌ನ (ಆಟದ ಮಟ್ಟ ತೋರುವ ಅಂಕಿ; ಕಡಿಮೆಯಾದಷ್ಟೂ ಒಳ್ಳೆಯ ಆಟ) ಹವ್ಯಾಸಿ ಪುರುಷರ ಕ್ಲಬ್‌ಹೆಡ್ (ಕ್ಲಬ್ಬಿನ ತಲೆ) ವೇಗ ಗಂಟೆಗೆ ಸುಮಾರು 93 ಮೈಲಿ. ಎಲ್‌ಪಿಜಿಎ ಟೂರ್‌ನ ಮಹಿಳಾ ವೃತ್ತಿಪರರದ್ದು ಸುಮಾರು 94. ಅಂದರೆ ಬೀಸುವ ವೇಗ ಹೆಚ್ಚುಕಡಿಮೆ ಒಂದೇ. ಆದರೆ ಹವ್ಯಾಸಿಯ ಚೆಂಡು ಗಾಳಿಯಲ್ಲಿ ಕ್ರಮಿಸುವ ದೂರ 204 ಗಜದ ಆಸುಪಾಸು, ಆ ಮಹಿಳೆಯರದ್ದು 218. ಹವ್ಯಾಸಿಯ ಕ್ಲಬ್ ಚೆಂಡಿಗೆ ತುಸು ಕೆಳಮುಖವಾಗಿ ಬರುತ್ತದೆ, ಅವರದ್ದು ಸುಮಾರು 3 ಡಿಗ್ರಿ ಮೇಲ್ಮುಖವಾಗಿ. ಹವ್ಯಾಸಿಯ ಚೆಂಡಿನ ಸ್ಪಿನ್ ನಿಮಿಷಕ್ಕೆ 3,200 ಸುತ್ತು ದಾಟುತ್ತದೆ, ಅವರದ್ದು 2,600ರಲ್ಲಿ ನಿಲ್ಲುತ್ತದೆ. ತೋಳಿಗೆ ಒಂದಿಷ್ಟೂ ಬಲ ಸೇರಿಸದೆ ಹದಿನಾಲ್ಕು ಗಜ ಅಲ್ಲೇ ಬಿದ್ದಿದೆ.

ಚೆಂಡಿನ ವೇಗವನ್ನು ಕ್ಲಬ್‌ಹೆಡ್ ವೇಗದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಸ್ಮ್ಯಾಶ್ ಫ್ಯಾಕ್ಟರ್ ಎನ್ನುತ್ತಾರೆ. ಡ್ರೈವರ್‌ನಲ್ಲಿ ಅದರ ಮೇಲ್ಮಿತಿ ಸುಮಾರು 1.50. ಗಂಟೆಗೆ 93 ಮೈಲಿ ವೇಗದಲ್ಲಿ ಬೀಸುವವನು ಫೇಸ್‌ನ (ಚೆಂಡಿಗೆ ತಾಗುವ ಮುಖ) ನಡುವಿನಲ್ಲಿ ಹೊಡೆದು 1.48 ಪಡೆದರೆ ಚೆಂಡು 137 ಮೈಲಿ ವೇಗದಲ್ಲಿ ಹೊರಡುತ್ತದೆ. ಅಂಚಿಗೆ ತಾಗಿಸಿ 1.38 ಪಡೆದರೆ 128. ಚೆಂಡಿನ ವೇಗದಲ್ಲಿ ಒಂದು ಮೈಲಿಗೆ ಎರಡು ಗಜ ಎಂದು ಲೆಕ್ಕ ಹಿಡಿದರೂ ಹದಿನೆಂಟು ಗಜ ಹೋಯಿತು. ಅದನ್ನು ವೇಗದಿಂದ ತುಂಬಿಸಬೇಕಾದರೆ ಕ್ಲಬ್‌ಹೆಡ್‌ಗೆ ಆರು ಮೈಲಿ ಕೂಡಿಸಬೇಕು. ಅದು ತಿಂಗಳುಗಟ್ಟಲೆ ದುಡಿಮೆಯ ಕೆಲಸ.

ಚೆಂಡು ಎಲ್ಲಿ ತಾಗುತ್ತಿದೆ ಎಂದು ಕೈಗೆ ಬರುವ ಅನುಭವದಿಂದ ಹೇಳಲಾಗದು. ಈಗಿನ ದೊಡ್ಡ ತಲೆಯ ಡ್ರೈವರ್‌ಗಳಲ್ಲಂತೂ ಅಂಚಿನ ಹೊಡೆತವೂ ಹಿತವಾಗಿಯೇ ಇರುತ್ತದೆ. ಪಾದಕ್ಕೆ ಹಾಕುವ ಪೌಡರ್ ಸ್ಪ್ರೇಯನ್ನು ಫೇಸ್ ಮೇಲೆ ತೆಳುವಾಗಿ ಹೊಡೆದು ಹತ್ತು ಚೆಂಡು ಹೊಡೆಯಿರಿ. ಪ್ರತಿ ಹೊಡೆತದ ಗುರುತು ನೋಡಿ ಒರೆಸಿ, ಮತ್ತೆ ಸ್ಪ್ರೇ ಮಾಡಿ. ಸ್ಪ್ರೇ ಇಲ್ಲದಿದ್ದರೆ ಬಿಳಿ ಬೋರ್ಡಿನ ಮಾರ್ಕರ್‌ನಿಂದ ಚೆಂಡಿಗೆ ಒಂದು ದಪ್ಪ ಚುಕ್ಕೆ ಇಟ್ಟು, ಆ ಬದಿ ಕ್ಲಬ್ಬಿಗೆ ಎದುರಾಗುವಂತೆ ಟೀ (ಚೆಂಡಿಡುವ ಪುಟ್ಟ ಗೂಟ) ಮೇಲೆ ಕೂರಿಸಿದರೂ ಆಗುತ್ತದೆ. ಗುರುತುಗಳು ಹೀಲ್ (ಶಾಫ್ಟ್ ಸೇರುವ ಬದಿ) ಕಡೆ ಗುಂಪಾಗಿದ್ದರೆ ಬಹುಪಾಲು ಡೌನ್‌ಸ್ವಿಂಗ್‌ನಲ್ಲಿ (ಕ್ಲಬ್ ಕೆಳಗಿಳಿಯುವಾಗ) ಸೊಂಟ ಚೆಂಡಿನತ್ತ ನುಗ್ಗುತ್ತಿದೆ, ಇಲ್ಲವೇ ಭಾರವೆಲ್ಲ ಪಾದದ ಬೆರಳುಗಳಿಗೆ ಹೋಗುತ್ತಿದೆ. ಟೋ (ಶಾಫ್ಟಿನಿಂದ ದೂರದ ತುದಿ) ಕಡೆ ಇದ್ದರೆ ತಾಗುವ ಗಳಿಗೆಯಲ್ಲಿ ಕೈಗಳು ಒಳಕ್ಕೆ ಎಳೆದುಕೊಳ್ಳುತ್ತಿವೆ, ಅಥವಾ ನಿಂತದ್ದೇ ದೂರವಾಗಿದೆ. ಫೇಸ್‌ನ ಕೆಳಭಾಗದಲ್ಲಿದ್ದರೆ ಸ್ಪಿನ್ ಏರುತ್ತದೆ, ಚೆಂಡು ತಗ್ಗಾಗಿ ಹೊರಟು ಕಡೆಗೆ ಮೇಲೆದ್ದು ಸತ್ತು ಬೀಳುತ್ತದೆ. ನಡುವಿಗಿಂತ ಅರ್ಧ ಬೆರಳಗಲ ಮೇಲೆ ತಾಗಿದರೆ ಚೆಂಡು ಎತ್ತರವಾಗಿ, ಕಡಿಮೆ ಸ್ಪಿನ್‌ನಲ್ಲಿ ಹೊರಡುತ್ತದೆ. ದೂರಕ್ಕೆ ಹುಡುಕಬೇಕಾದ ಜಾಗ ಅದು.

ಹೀಲ್ ಹೊಡೆತಕ್ಕೆ ಒಂದು ಸರಳ ಅಭ್ಯಾಸವಿದೆ. ಡ್ರೈವರ್ ಟೋ ತುದಿಯಾಚೆ ಒಂದು ಟೀ, ಹೀಲ್‌ನಾಚೆ ಒಂದು ಟೀ ನೆಟ್ಟು, ನಡುವೆ ಕ್ಲಬ್‌ಹೆಡ್ ನುಸುಳಲು ಎರಡೂ ಬದಿ ಒಂದೊಂದು ಬೆರಳಿನಷ್ಟು ಜಾಗ ಬಿಡಿ. ಮೊದಲು ಅರ್ಧ ವೇಗದಲ್ಲಿ ಹತ್ತು ಸಲ, ಟೀ ತಾಗದಿದ್ದರೆ ಮುಕ್ಕಾಲು ವೇಗದಲ್ಲಿ ಹತ್ತು ಸಲ. ಪೂರ್ಣ ವೇಗಕ್ಕೆ ಹೋಗಲು ಅವಸರ ಬೇಡ.

ಇನ್ನು ಸ್ಲೈಸ್, ಅಂದರೆ ಚೆಂಡು ಬಲಕ್ಕೆ ಬಾಗಿ ಹೋಗುವುದು. ಹವ್ಯಾಸಿಗಳ ದೂರವನ್ನು ಇದರಷ್ಟು ತಿನ್ನುವುದು ಬೇರೊಂದಿಲ್ಲ. ಕ್ಲಬ್ ಬರುವ ದಾರಿಗೆ ಹೋಲಿಸಿದರೆ ಫೇಸ್ ತೆರೆದಿರುವುದರಿಂದ (ಬಲಕ್ಕೆ ತಿರುಗಿರುವುದರಿಂದ) ಚೆಂಡು ಬಲಕ್ಕೆ ಬಾಗುವುದಷ್ಟೇ ಅಲ್ಲ, ತಾಗುವಾಗಿನ ಲಾಫ್ಟ್ (ಫೇಸ್ ಹಿಂದಕ್ಕೆ ವಾಲಿರುವ ಕೋನ) ಹೆಚ್ಚಿ ಸ್ಪಿನ್ ಕೂಡ ಏರುತ್ತದೆ. ಅಂಥವರಿಗೆ ಐದು ಮೈಲಿ ವೇಗ ಕೂಡಿಸಿದರೆ ಚೆಂಡು ಇನ್ನೂ ಹೆಚ್ಚು ಬಲಕ್ಕೆ ಹೋಗುತ್ತದೆ, ಅಷ್ಟೇ. ಸ್ಲೈಸ್ ಇರುವವರು ಸಾಮಾನ್ಯವಾಗಿ ಎಡಕ್ಕೆ ತಿರುಗಿ ನಿಲ್ಲುತ್ತಾರೆ. ಆಗ ಕ್ಲಬ್ ಹೊರಗಿನಿಂದ ಒಳಕ್ಕೆ ಇನ್ನೂ ಜಾಸ್ತಿ ಕತ್ತರಿಸುತ್ತದೆ, ಸ್ಲೈಸ್ ಇನ್ನೂ ಬಲಿಯುತ್ತದೆ. ದಾರಿಗಿಂತ ಮೊದಲು ಫೇಸ್ ಸರಿಪಡಿಸಬೇಕು, ಏಕೆಂದರೆ ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ತೀರ್ಮಾನಿಸುವುದು ಫೇಸ್. ಎಡಗೈ ಹಿಡಿತವನ್ನು ಸ್ವಲ್ಪ ಬಲಕ್ಕೆ ಹೊರಳಿಸಿ, ಮೇಲಿನಿಂದ ನೋಡಿದರೆ ಎರಡೂವರೆ ಗೆಣ್ಣು ಕಾಣಬೇಕು. ಹಿಡಿಯನ್ನು ಅಂಗೈಯಲ್ಲಲ್ಲ, ಬೆರಳುಗಳ ಬುಡದಲ್ಲಿ ಹಿಡಿಯಿರಿ. ಅಂಗೈಯಲ್ಲಿ ಹಿಡಿದರೆ ಮಣಿಕಟ್ಟು ಮಡಚುವುದಿಲ್ಲ; ಮಣಿಕಟ್ಟು ಮಡಚದೆ ವೇಗ ಹುಟ್ಟುವುದಿಲ್ಲ. ಹೊಸ ಹಿಡಿತ ಮೊದಮೊದಲು ಅಸಹಜವೆನಿಸುತ್ತದೆ, ಕೆಲವು ಚೆಂಡು ಎಡಕ್ಕೆ ಹಾರುತ್ತವೆ. ಎಡಕ್ಕೆ ಹಾರತೊಡಗಿದ್ದು ಒಳ್ಳೆಯ ಲಕ್ಷಣ. ಆಗ ಕ್ಲಬ್ ದಾರಿ ತಾನಾಗಿ ಒಳಗಿನಿಂದ ಬರತೊಡಗುತ್ತದೆ.

ಮೇಲ್ಮುಖ ಹೊಡೆತಕ್ಕೆ ನಿಲುವಿನಲ್ಲೇ ಸಿದ್ಧತೆ ಬೇಕು. ಚೆಂಡು ಎಡ ಹಿಮ್ಮಡಿಯ ಒಳಬದಿಯ ನೇರಕ್ಕೆ ಇರಲಿ. ಟೀ ಎತ್ತರ ಎಷ್ಟೆಂದರೆ, ಡ್ರೈವರನ್ನು ನೆಲಕ್ಕೆ ಊರಿದಾಗ ಚೆಂಡಿನ ಅರ್ಧ ಭಾಗ ಕ್ಲಬ್ಬಿನ ನೆತ್ತಿಗಿಂತ ಮೇಲಿರಬೇಕು. ಪಾದಗಳ ಅಂತರ ಭುಜದಗಲಕ್ಕಿಂತ ತುಸು ಹೆಚ್ಚು. ಬಲಭುಜ ಎಡಭುಜಕ್ಕಿಂತ ತಗ್ಗಿರುವಂತೆ ಬೆನ್ನುಹುರಿಯನ್ನು ಗುರಿಯಿಂದ ಐದರಿಂದ ಹತ್ತು ಡಿಗ್ರಿ ಆಚೆ ವಾಲಿಸಿ. ಇಲ್ಲಿ ಆಗುವ ತಪ್ಪು ಒಂದೇ: ಮೇಲ್ಮುಖ ಹೊಡೆಯಬೇಕೆಂದು ಡೌನ್‌ಸ್ವಿಂಗ್‌ನಲ್ಲಿ ಭಾರವನ್ನು ಬಲಗಾಲಿನ ಮೇಲೇ ಉಳಿಸಿಕೊಂಡು ಹಿಂದಕ್ಕೆ ಬೀಳುವುದು. ಆಗ ಕ್ಲಬ್ ಚೆಂಡಿಗಿಂತ ಹಿಂದೆಯೇ ನೆಲ ಬಡಿಯುತ್ತದೆ, ಇಲ್ಲವೇ ಚೆಂಡಿನ ನೆತ್ತಿ ಸವರುತ್ತದೆ. ಎದೆ ಚೆಂಡಿನ ಹಿಂದೆ ಉಳಿಯಬೇಕು, ಭಾರ ಎಡಗಾಲಿಗೆ ದಾಟಿರಬೇಕು. ಎರಡೂ ಒಟ್ಟಿಗೆ ಆಗಬೇಕು.

ಲಾಫ್ಟ್ ವಿಷಯದಲ್ಲಿ ಗಂಡಸರ ಒಣಜಂಬವೇ ಶತ್ರು. ಟಿವಿಯಲ್ಲಿ ಕಾಣುವವರು 9 ಡಿಗ್ರಿ ಹಿಡಿಯುತ್ತಾರೆಂದು ತಾವೂ ಅದನ್ನೇ ಹಿಡಿಯುತ್ತಾರೆ. ಪಿಜಿಎ ಟೂರ್‌ನ (ಅಮೆರಿಕದ ವೃತ್ತಿಪರ ಪುರುಷರ ಸರಣಿ) ಸರಾಸರಿ ಕ್ಲಬ್‌ಹೆಡ್ ವೇಗ 113 ಮೈಲಿಗೂ ಮೇಲೆ. ಆ ವೇಗಕ್ಕೆ ಚೆಂಡು ತಾನಾಗಿ ಎತ್ತರಕ್ಕೇರುತ್ತದೆ. 85ರಿಂದ 95 ಮೈಲಿಯವರಿಗೆ 10.5ರಿಂದ 12 ಡಿಗ್ರಿ ಹೊಂದುತ್ತದೆ. ಅವರ ಚೆಂಡು 13ರಿಂದ 16 ಡಿಗ್ರಿ ಕೋನದಲ್ಲಿ ಹೊರಡಬೇಕು. ಸ್ಪಿನ್ ತೀರಾ ಇಳಿಸುವುದೂ ಅಪಾಯವೇ: ನಿಧಾನ ವೇಗದ ಚೆಂಡಿಗೆ 2,000 ಸುತ್ತಿಗಿಂತ ಕಡಿಮೆ ಸ್ಪಿನ್ ಇದ್ದರೆ ಗಾಳಿ ಅದನ್ನು ಎತ್ತಿಹಿಡಿಯುವುದಿಲ್ಲ, ನಡುದಾರಿಯಲ್ಲೇ ಕುಸಿಯುತ್ತದೆ.

ಈಗ ವೇಗಕ್ಕೆ ಬರೋಣ. ವೇಗ ತೋಳಿನಲ್ಲಿ ಹುಟ್ಟುವುದಲ್ಲ, ನೆಲದಿಂದ ಮೇಲಕ್ಕೆ ಸರಪಳಿಯಾಗಿ ಏರುವುದು. ಡೌನ್‌ಸ್ವಿಂಗ್‌ನಲ್ಲಿ ಮೊದಲು ಸೊಂಟ ವೇಗ ಪಡೆದು ನಿಧಾನವಾಗುತ್ತದೆ, ಆ ವೇಗ ಎದೆಗೆ ದಾಟುತ್ತದೆ, ಎದೆ ನಿಧಾನವಾದಾಗ ತೋಳಿಗೆ, ತೋಳು ನಿಧಾನವಾದಾಗ ಕ್ಲಬ್ಬಿಗೆ. ಚಾಟಿಯ ಹಿಡಿಯನ್ನು ತಟ್ಟನೆ ತಡೆದಾಗ ತುದಿ ಸಿಡಿಯುವಂತೆ. ಹೆಚ್ಚಿನ ಹವ್ಯಾಸಿಗಳು ಮೇಲಿನಿಂದ ಬಲಗೈಯಲ್ಲಿ ಕ್ಲಬ್ ಎಸೆದುಬಿಡುತ್ತಾರೆ. ಮಣಿಕಟ್ಟು ಬೇಗ ಬಿಚ್ಚಿಕೊಂಡು, ಚೆಂಡಿಗಿಂತ ಎರಡಡಿ ಹಿಂದೆಯೇ ವೇಗ ತೀರಿಹೋಗುತ್ತದೆ. ಪರೀಕ್ಷೆ ಸುಲಭ. ಡ್ರೈವರನ್ನು ತಿರುವಿ ತಲೆಯ ಹತ್ತಿರ ಶಾಫ್ಟ್ ಹಿಡಿದು ಬೀಸಿ. ಗಾಳಿ ಸೀಳುವ ಸದ್ದು ಎಲ್ಲಿ ಜೋರಾಗುತ್ತದೆ ಕೇಳಿ. ಬಲಗಾಲಿನ ಎದುರು ಕೇಳಿಸಿದರೆ ಕ್ಲಬ್ ಎಸೆಯುತ್ತಿದ್ದೀರಿ ಎಂದೇ ಅರ್ಥ. ಚೆಂಡಿನ ಜಾಗ ದಾಟಿ ಎಡಗಾಲಿನಾಚೆ ಕೇಳಿಸಬೇಕು.

ಸರಪಳಿ ಕಲಿಸಲು ಹೆಜ್ಜೆಯ ಅಭ್ಯಾಸಕ್ಕಿಂತ ಉತ್ತಮವಾದುದನ್ನು ಯಾರೂ ಕಂಡುಹಿಡಿದಿಲ್ಲ. ಎರಡೂ ಪಾದ ಜೋಡಿಸಿ ನಿಲ್ಲಿ. ಕ್ಲಬ್ ಹಿಂದಕ್ಕೆ ಏರುತ್ತಿರುವಾಗಲೇ, ಅದು ತುದಿ ಮುಟ್ಟುವ ಮೊದಲೇ, ಎಡಗಾಲನ್ನು ಗುರಿಯತ್ತ ಒಂದು ಹೆಜ್ಜೆ ಇಟ್ಟು ಊರಿ, ಆಮೇಲೆ ಬೀಸಿ. ಕೆಳದೇಹ ಮುಂದಕ್ಕೆ, ಕ್ಲಬ್ ಇನ್ನೂ ಹಿಂದಕ್ಕೆ: ಈ ಎಳೆತವೇ ಮುಖ್ಯ. ಚೆಂಡಿಲ್ಲದೆ ಹತ್ತು ಸಲ, ನಂತರ 7 ಐರನ್‌ನಲ್ಲಿ (ಡ್ರೈವರ್‌ಗಿಂತ ಗಿಡ್ಡ ಕ್ಲಬ್) ಐದು ಚೆಂಡು. ಕ್ಲಬ್ ಪೂರ್ತಿ ಮೇಲೇರಿ ನಿಂತ ಮೇಲೆ ಹೆಜ್ಜೆ ಇಡುವವರಿಗೆ ಇದರಿಂದ ಏನೂ ಸಿಗದು. ಊರಿದ ಎಡಗಾಲು, ಎಡತೋಳು ನೆಲಕ್ಕೆ ಸಮಾನಾಂತರವಾಗುವ ಹೊತ್ತಿಗೆ ನೆಲವನ್ನು ಬಲವಾಗಿ ಒತ್ತಿ ನೆಟ್ಟಗಾಗತೊಡಗಬೇಕು. ತಡವಾಗಿ, ಚೆಂಡು ತಾಗುವಾಗ ಒತ್ತಿದರೆ ಕ್ಲಬ್ಬಿಗೆ ಅದು ತಲುಪಲು ಸಮಯವೇ ಇರುವುದಿಲ್ಲ.

ತಲೆ ಕದಲಿಸಬಾರದೆಂಬ ಮಾತು ಎಲ್ಲಿಂದ ಬಂತೋ, ಎಷ್ಟು ಜನರ ಸ್ವಿಂಗ್ ಕಟ್ಟಿಹಾಕಿತೋ. ಅನಿಕಾ ಸೊರೆನ್‌ಸ್ಟಮ್ ಮತ್ತು ಡೇವಿಡ್ ಡುವಾಲ್ ಇಬ್ಬರೂ ಚೆಂಡು ತಾಗುವ ಮುನ್ನವೇ ಮುಖವನ್ನು ಗುರಿಯತ್ತ ತಿರುಗಿಸುತ್ತಿದ್ದವರು, ಇಬ್ಬರೂ ವಿಶ್ವದ ಅಗ್ರಸ್ಥಾನದಲ್ಲಿದ್ದವರು. ಎಡಗೈಯ ಮಾತೂ ಅಷ್ಟೆ. ಕ್ಯಾಲ್ವಿನ್ ಪೀಟ್‌ಗೆ ಬಾಲ್ಯದ ಮೂಳೆಮುರಿತದಿಂದ ಎಡಮೊಣಕೈ ಪೂರ್ತಿ ನೇರವಾಗುತ್ತಲೇ ಇರಲಿಲ್ಲ. 1981ರಿಂದ ಸತತ 10 ವರ್ಷ ಪಿಜಿಎ ಟೂರ್‌ನ ಡ್ರೈವಿಂಗ್ ನಿಖರತೆಯಲ್ಲಿ ಅವರೇ ಮೊದಲಿಗರು. ತೋಳು ಉದ್ದಕ್ಕೆ ಚಾಚಿರಲಿ, ಸ್ನಾಯು ಬಿಗಿಯದಿರಲಿ. ದೇಹ ಅಷ್ಟು ಬಳುಕದವರು ಬ್ಯಾಕ್‌ಸ್ವಿಂಗ್‌ನಲ್ಲಿ (ಕ್ಲಬ್ ಹಿಂದಕ್ಕೆತ್ತುವಾಗ) ಎಡ ಹಿಮ್ಮಡಿ ಎತ್ತಲಿ. ಜಾಕ್ ನಿಕ್ಲಾಸ್ ತಮ್ಮ ಉಚ್ಛ್ರಾಯದಲ್ಲಿ ಎತ್ತುತ್ತಿದ್ದರು. ಬಲಪಾದವನ್ನು ತುಸು, ಎಡಪಾದವನ್ನು 20–30 ಡಿಗ್ರಿ ಹೊರಕ್ಕೆ ತಿರುಗಿಸಿ ನಿಂತರೆ ಸೊಂಟ ಎರಡೂ ಕಡೆ ಹೆಚ್ಚು ತಿರುಗುತ್ತದೆ. ಐವತ್ತು ದಾಟಿದವರಿಗೆ ಇದರ ಲಾಭ ಅಂದೇ ಕಾಣುತ್ತದೆ.

‘ನಿಧಾನವಾಗಿ ಹಿಂದಕ್ಕೆ’ ಎಂಬುದೂ ಅರ್ಧಸತ್ಯ. ಒಳ್ಳೆಯ ಆಟಗಾರರ ಬ್ಯಾಕ್‌ಸ್ವಿಂಗ್ ಸುಮಾರು ಮುಕ್ಕಾಲು ಸೆಕೆಂಡು, ಡೌನ್‌ಸ್ವಿಂಗ್ ಕಾಲು ಸೆಕೆಂಡು, ಮೂರಕ್ಕೆ ಒಂದು. ಹವ್ಯಾಸಿಗಳು ಹಿಂದಕ್ಕೆ ಹೋಗುವುದರಲ್ಲೇ ಒಂದು ಸೆಕೆಂಡಿಗೂ ಹೆಚ್ಚು ಕಳೆದು, ಆ ನಿಧಾನವನ್ನು ತೋಳಿನ ಎಳೆತದಿಂದ ಸರಿದೂಗಿಸಲು ಹೋಗುತ್ತಾರೆ.

ವೇಗದ ತರಬೇತಿಯ ಮೂಲಸೂತ್ರ ಲೇಖನ ಹೇಳಿದ್ದಕ್ಕೆ ನೇರ ವಿರುದ್ಧ. ಭಾರದ ಸಲಾಕೆ ನೂರು ಸಲ ಬೀಸಿದರೆ ದೇಹ ಕಲಿಯುವುದು ನಿಧಾನವಾಗಿ ಬೀಸುವುದನ್ನೇ. ಆಮೇಲೆ ಡ್ರೈವರ್ ಹಿಡಿದಾಗ ಹಗುರವೆನಿಸುತ್ತದೆ, ವೇಗ ಹೆಚ್ಚಿದಂತೆ ಭಾಸವಾಗುತ್ತದೆ, ರಡಾರ್ ಮಾತ್ರ ಹೌದೆನ್ನುವುದಿಲ್ಲ. ಬೇಸ್‌ಬಾಲ್‌ನಲ್ಲಿ ಬ್ಯಾಟಿಗೆ ಭಾರದ ಬಳೆ ತೊಡಿಸಿ ಬೀಸಿದವರಿಗೂ ಇದೇ ಭ್ರಮೆಯಾಗುವುದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ. ಮಾಡಬೇಕಾದ್ದು ಹಗುರವಾದುದನ್ನು ಅತಿ ವೇಗವಾಗಿ, ಕೆಲವೇ ಸಲ ಬೀಸುವುದು. ನರಮಂಡಲಕ್ಕೆ ‘ಇಷ್ಟು ವೇಗವೂ ಸಾಧ್ಯ’ ಎಂದು ತೋರಿಸುವುದೇ ಅದರ ಉದ್ದೇಶ.

ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ: ಬಿರುನಡಿಗೆ, ಕುಳಿತೇಳುವುದು, ಎದೆ ತಿರುಗಿಸುವುದು, ಕಾಲು ಬೀಸುವುದು. ಒಂದೇ ಭಂಗಿಯಲ್ಲಿ ನಿಮಿಷಗಟ್ಟಲೆ ಎಳೆದುಹಿಡಿಯುವ ಸ್ಟ್ರೆಚಿಂಗ್ ಇಲ್ಲಿ ಬೇಡ, ಅದು ಸ್ಫೋಟಕ ಶಕ್ತಿಯನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆ; ಸಂಜೆಗಿರಲಿ. ಆಮೇಲೆ ಡ್ರೈವರ್‌ಗಿಂತ ಸುಮಾರು 20 ಶೇಕಡಾ ಹಗುರವಾದ ಕೋಲನ್ನು ಐದು ಸಲ, 10 ಶೇಕಡಾ ಹಗುರವಾದುದನ್ನು ಐದು ಸಲ, ಡ್ರೈವರನ್ನು ಐದು ಸಲ, ಕೊನೆಗೆ 5 ಶೇಕಡಾ ಭಾರವಾದುದನ್ನು ಮೂರು ಸಲ. ಕೋಲುಗಳಿಲ್ಲದವರು ತಿರುವಿ ಹಿಡಿದ ಡ್ರೈವರ್‌ನಲ್ಲೇ ಹಗುರ ಸುತ್ತುಗಳನ್ನು ಮುಗಿಸಬಹುದು. ಎಲ್ಲವೂ ಚೆಂಡಿಲ್ಲದೆ. ಎಡಗೈ ಆಟಗಾರನಂತೆ ಎದುರು ಬದಿಗೂ ಒಂದು ಸುತ್ತು ಬೀಸಿ, ಬೆನ್ನಿನ ಎರಡೂ ಬದಿ ಸಮ ಬೆಳೆಯಲಿ. ಒಂದು ಬೀಸಿಗೂ ಇನ್ನೊಂದಕ್ಕೂ ನಡುವೆ 20–30 ಸೆಕೆಂಡು, ಸುತ್ತುಗಳ ನಡುವೆ ಎರಡು ನಿಮಿಷ. ಬಿಡುವು ಕಡಿಮೆ ಮಾಡಿದರೆ ಅದು ಬೆವರಿನ ವ್ಯಾಯಾಮವಾಗುತ್ತದೆ, ವೇಗದ ತರಬೇತಿಯಾಗದು. ಚೆಂಡಿಲ್ಲದ ಬೀಸು ಒಟ್ಟು 25–30 ದಾಟಬಾರದು. ರಡಾರ್‌ನಲ್ಲಿ ಅಂದಿನ ಗರಿಷ್ಠಕ್ಕಿಂತ ನಾಲ್ಕೈದು ಮೈಲಿ ಕುಸಿದರೆ ಅಲ್ಲಿಗೆ ನಿಲ್ಲಿಸಿ.

ರಡಾರ್ ಇಲ್ಲದೆ ಈ ತರಬೇತಿ ಅರ್ಧ ವ್ಯರ್ಥ. ಕಣ್ಣೆದುರು ಸಂಖ್ಯೆ ಇದ್ದಾಗ ದೇಹ ಪೂರ್ಣ ಪ್ರಯತ್ನ ಹಾಕುತ್ತದೆ; ಇಲ್ಲದಿದ್ದರೆ 90 ಶೇಕಡಾಗೇ ತೃಪ್ತಿಪಡುತ್ತದೆ. ನೆಲಕ್ಕಿಡುವ ಸಣ್ಣ ಸಾಧನ ಸಾಕು, ಚೆಂಡಿನ ಹಾರಾಟವನ್ನೂ ಅಳೆಯುವ ಲಾಂಚ್ ಮಾನಿಟರ್ ಬೇಕಿಲ್ಲ. ಚೆಂಡು ಬಿದ್ದ ದೂರ ನೋಡಿ ಪ್ರಗತಿ ಅಳೆಯುವುದು ಮೋಸ: ರೇಂಜ್ (ಅಭ್ಯಾಸದ ಮೈದಾನ) ಚೆಂಡುಗಳು ಕಡಿಮೆ ಹಾರುತ್ತವೆ, ಚಳಿಯಲ್ಲಿ ಎಲ್ಲ ಚೆಂಡೂ ಕಡಿಮೆ ಹಾರುತ್ತವೆ, ಗಾಳಿ ಮತ್ತು ಒಣನೆಲ ದಿನಕ್ಕೊಂದು ಸುಳ್ಳು ಹೇಳುತ್ತವೆ. ಚೆಂಡಿಲ್ಲದೆ ಬಂದ ವೇಗ ಚೆಂಡಿನ ಎದುರು ಮಾಯವಾಗುವುದೂ ಉಂಟು. ಎಲ್ಲಿ ಬೀಳುತ್ತದೋ ಎಂಬ ಅಂಜಿಕೆಯೇ ಕಾರಣ. ಅದಕ್ಕಾಗಿ ತರಬೇತಿಯ ಕೊನೆಗೆ ಹತ್ತು ಚೆಂಡನ್ನು ದಿಕ್ಕಿನ ಪರಿವೆ ಇಲ್ಲದೆ ಪೂರ್ಣ ವೇಗದಲ್ಲಿ ಹೊಡೆದು, ಮುಂದಿನ ಹತ್ತನ್ನು ಅದೇ ವೇಗಕ್ಕೆ ಎರಡು ಮೂರು ಮೈಲಿ ಒಳಗೆ ಗುರಿಯಿಟ್ಟು ಹೊಡೆಯಬೇಕು. ಮೊದಲ ಕೆಲವು ವಾರಗಳಲ್ಲಿ ಸಂಖ್ಯೆ ಬೇಗ ಏರುತ್ತದೆ, ನಂತರ ನಿಲ್ಲುತ್ತದೆ. ನಿಂತಾಗ ಬೀಸು ಹೆಚ್ಚಿಸಬೇಡಿ, ಒಂದು ವಾರ ಬಿಡಿ. ಮ್ಯಾಟ್ ಫಿಟ್ಜ್‌ಪ್ಯಾಟ್ರಿಕ್ 2022ರ ಯು.ಎಸ್. ಓಪನ್ ಗೆಲ್ಲುವ ಮುನ್ನ ಮಾಡಿದ್ದು ಇಂಥ ಅಳೆದು ತೂಗಿದ ವೇಗದ ತರಬೇತಿಯನ್ನೇ. ಭಾರೀ ಮೈಕಟ್ಟಿನವರಲ್ಲ ಅವರು.

ಅದರಾಚೆಗಿನ ಏರಿಕೆಗೆ ಕಾಲಿನ ಮತ್ತು ಬೆನ್ನಿನ ಬಲ ಬೇಕು. ವಾರಕ್ಕೆರಡು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ರೋಯಿಂಗ್, ದಂಡ; ಮೂರು ಸುತ್ತು, ಸುತ್ತಿಗೆ ಐದಾರು ಸಲ, ಕೊನೆಯ ಎರಡು ಕಷ್ಟವೆನಿಸುವಷ್ಟು ಭಾರ. ಜೊತೆಗೆ 2ರಿಂದ 4 ಕಿಲೋ ಮೆಡಿಸಿನ್ ಬಾಲನ್ನು ಪಕ್ಕಕ್ಕೆ ತಿರುಗಿ ಗೋಡೆಗೆ ಎಸೆಯುವುದು, ಎರಡೂ ಬದಿಗೆ ಐದೈದು. ಬೈಸೆಪ್ಸ್ ಬೆಳೆಸಿ ದೂರ ಹೆಚ್ಚಿಸಿಕೊಂಡವರಿಲ್ಲ.

ಉದ್ದದ ಶಾಫ್ಟಿನ ಬಗ್ಗೆ ಎರಡೇ ಮಾತು. ನಿಯಮದ ಮಿತಿ 48 ಇಂಚು. 2022ರ ಜನವರಿಯಿಂದ ಉನ್ನತ ಮಟ್ಟದ ಸ್ಪರ್ಧೆಗಳು 46 ಇಂಚಿನ ಸ್ಥಳೀಯ ನಿಯಮ ಹಾಕಿಕೊಳ್ಳಬಹುದು. ವೃತ್ತಿಪರರಲ್ಲೇ ಅನೇಕರು 45ರ ಆಸುಪಾಸಿನಲ್ಲಿದ್ದಾರೆ, ಏಕೆಂದರೆ ಒಂದಿಂಚು ಉದ್ದಕ್ಕೆ ಒಂದೆರಡು ಮೈಲಿ ಸಿಕ್ಕರೂ ಫೇಸ್ ನಡುವಿನ ಹೊಡೆತ ತಪ್ಪುತ್ತದೆ. ಹವ್ಯಾಸಿಗಳು ಹಿಡಿಯನ್ನು ಅರ್ಧ ಇಂಚು ಕೆಳಗೆ ಹಿಡಿದು ಹತ್ತು ಚೆಂಡು ಹೊಡೆದು ಪೌಡರ್ ಗುರುತು ನೋಡಲಿ. ಫೇಸ್‌ನ ಪುಟಿತಕ್ಕೂ ಗಾಲ್ಫ್ ನಿಯಮ ರೂಪಿಸುವ ಆರ್‌ ಆ್ಯಂಡ್‌ ಎ ಮತ್ತು ಯುಎಸ್‌ಜಿಎ ಮಿತಿ ಹಾಕಿವೆ, ಆದ್ದರಿಂದ ಹೊಸ ಡ್ರೈವರ್ ಕೊಂಡಾಕ್ಷಣ ನಡುವಿನ ಹೊಡೆತ ಮೂವತ್ತು ಗಜ ಹೆಚ್ಚದು. ಸವೆದು ನುಣುಪಾದ ಗ್ರಿಪ್ (ಹಿಡಿಯ ಹೊದಿಕೆ) ಬದಲಿಸಿ, ಅಥವಾ ಸಾಬೂನು ನೀರಿನಿಂದ ಉಜ್ಜಿ ತೊಳೆಯಿರಿ. ಜಾರುವ ಗ್ರಿಪ್ ಮುಷ್ಟಿ ಬಿಗಿಸುತ್ತದೆ, ಬಿಗಿದ ಮುಷ್ಟಿ ಮಣಿಕಟ್ಟನ್ನು ಕಟ್ಟುತ್ತದೆ.

ಕೊನೆಯದಾಗಿ ಬೆನ್ನಿನ ಮಾತು. ಹವ್ಯಾಸಿ ಗಾಲ್ಫಿಗರ ಗಾಯಗಳಲ್ಲಿ ಬೆನ್ನಿನ ಕೆಳಭಾಗದ ನೋವು ಎಲ್ಲಕ್ಕಿಂತ ಸಾಮಾನ್ಯ. ಮೊಣಕೈ, ಮಣಿಕಟ್ಟು ನಂತರದವು. ಲೇಖನದೊಂದಿಗಿನ ಚಿತ್ರದಲ್ಲಿ ಆಟಗಾರ ಸೊಂಟವನ್ನು ಗುರಿಯತ್ತ ಕಟ್ಟಿಹಾಕಿಕೊಂಡು ಭುಜವನ್ನಷ್ಟೇ ತಿರುಗಿಸಿ ಸಲಾಕೆ ಬೀಸುತ್ತಿದ್ದಾನೆ. ಸೊಂಟ ತಿರುಗದಿದ್ದರೆ ಆ ತಿರುವನ್ನೆಲ್ಲ ಬೆನ್ನಿನ ಕೆಳಗಿನ ಕಶೇರುಕಗಳು ಹೊರಬೇಕು, ಅವುಗಳಿಗೆ ತಿರುಗುವ ಸಾಮರ್ಥ್ಯವೇ ಕಡಿಮೆ. ದಿನಕ್ಕೆ ನೂರು ಸಲ, ಒಂದೇ ದಿಕ್ಕಿಗೆ, ಬಿಡುವಿಲ್ಲದೆ ಹಾಗೆ ಮಾಡಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆ ಚಿತ್ರಕ್ಕೆ ತಿದ್ದುಪಡಿ ಹಾಕಬೇಕೆಂದು ಕೋರುತ್ತೇನೆ. ಕಾಲಿಗೆ ಇಳಿಯುವ ನೋವು, ಜೋಮು ಅಥವಾ ಪಾದದಲ್ಲಿ ನಿಶ್ಶಕ್ತಿ ಇರುವವರು ವೈದ್ಯರಿಗೆ ತೋರಿಸದೆ ಯಾವ ಬಗೆಯ ವೇಗದ ತರಬೇತಿಗೂ ಇಳಿಯಬಾರದು ಎಂಬ ಸಾಲನ್ನೂ ಅದರ ಜೊತೆಗೇ ಅಚ್ಚು ಮಾಡಿ.

ಇಂತಿ,
ಒಬ್ಬ ಗಾಲ್ಫ್ ತರಬೇತುದಾರ